ಘಾತಾಂಕ ಭಿನ್ನರಾಶಿಯಾದಾಗ ಸಮೀಕರಣ ಬಿಡಿಸುವುದು ಹೇಗೆ?



8^(2/3) ಎಷ್ಟು? ಉತ್ತರ ಬರೆದಿಟ್ಟುಕೊಂಡು ಮುಂದೆ ಓದಿ. 16/3 ಅಂತ ಬರೆದಿದ್ದರೆ ನೀವು 8ನ್ನು 2/3ರಿಂದ ಗುಣಿಸಿದ್ದೀರಿ. ಘಾತಾಂಕ ಅಂದರೆ ಗುಣಿಸುವ ಸಂಖ್ಯೆ ಅಲ್ಲ. ಸರಿಯಾದ ಉತ್ತರ 4. ಅದು ಹೇಗೆ ಬಂತು ಅನ್ನುವುದರಿಂದಲೇ ಪಾಠ ಶುರು ಮಾಡೋಣ.

ಮೊದಲು ಬರವಣಿಗೆಯ ಬಗ್ಗೆ ಎರಡು ಮಾತು. ಇಲ್ಲಿ ಘಾತಾಂಕವನ್ನು ಸಣ್ಣದಾಗಿ ಮೇಲೆ ಅಚ್ಚು ಮಾಡಿದರೆ ಭಿನ್ನರಾಶಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ^ ಗುರುತು ಹಾಕಿದ್ದೇನೆ. ನೋಟ್ ಪುಸ್ತಕದಲ್ಲಿ ನೀವು ಎಂದಿನಂತೆ ಮೇಲೆಯೇ ಬರೆಯಿರಿ. ಗೊತ್ತಿಲ್ಲದ ಸಂಖ್ಯೆಗೆ ‘ಯ’ ಅಂತ ಹೆಸರಿಟ್ಟಿದ್ದೇನೆ. ನಿಮ್ಮ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ, ಲೆಕ್ಕಕ್ಕೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ದೇಶದ ಹಳೆಯ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು, ಅದರ ಮೊದಲಕ್ಷರ ‘ಯಾ’ ಬರೆಯುತ್ತಿದ್ದರು. ಹಾಗಾಗಿ ‘ಯ’ ನಮಗೆ ಹೊಸದೂ ಅಲ್ಲ.

ಘಾತಾಂಕ ಎನ್ನುವ ಪದ ಸೊಲ್ಲಾಪುರ, ಜತ್ತದ ಕಡೆಯವರಿಗೆ ಮರಾಠಿಯಲ್ಲೂ ಅದೇ. ರಾಯದುರ್ಗ, ಮಡಕಶಿರಾದವರು ತೆಲುಗಿನಲ್ಲಿ ‘ಘಾತಾಂಕಂ’ ಅಂತ ಕೇಳಿರುತ್ತೀರಿ. ಕಾಸರಗೋಡಿನವರಿಗೆ ಪಕ್ಕದ ಮಲಯಾಳಂ ತರಗತಿಯಿಂದ ‘ಕೃತ್ಯಂಕಂ’ ಕಿವಿಗೆ ಬೀಳುತ್ತದೆ. ತಾಳವಾಡಿ, ಹೊಸೂರಿನವರಿಗೆ ತಮಿಳಿನ ‘ಅಡುಕ್ಕು’ ಗೊತ್ತು, ಒಂದರ ಮೇಲೊಂದು ಪೇರಿಸಿದ್ದು ಅಂತ ಅರ್ಥ. ನನಗೆ ಆ ಪದ ತುಂಬ ಇಷ್ಟ. 2^3 ಅಂದರೆ ಎರಡನ್ನು ಮೂರು ಸಲ ಪೇರಿಸಿ ಗುಣಿಸಿದ್ದು. ಆದರೆ ಅರ್ಧ ಸಲ ಪೇರಿಸುವುದು ಹೇಗೆ? ಇಲ್ಲಿ ಪೇರಿಸುವ ಚಿತ್ರ ಸಾಲದು, ನಿಯಮವನ್ನೇ ಹಿಡಿಯಬೇಕು.

ಆಧಾರ ಒಂದೇ ಆಗಿದ್ದು ಗುಣಿಸಿದರೆ ಘಾತಾಂಕಗಳನ್ನು ಕೂಡಿಸುತ್ತೇವೆ, ಅಲ್ವಾ? ಹಾಗಾದರೆ 9^(1/2) × 9^(1/2) = 9^1 = 9 ಆಗಲೇಬೇಕು. ತನ್ನಿಂದಲೇ ಗುಣಿಸಿಕೊಂಡಾಗ 9 ಕೊಡುವ ಸಂಖ್ಯೆ ಯಾವುದು? 3. ಅಂದರೆ 9^(1/2) ಎನ್ನುವುದು 9ರ ವರ್ಗಮೂಲ. −3 ಕೂಡ 9 ಕೊಡುತ್ತದಲ್ಲ ಅಂತ ಕೆಲವರು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಆದರೆ 9^(1/2) ಎಂದು ಬರೆದರೆ ಧನ ಮೂಲವನ್ನು ಮಾತ್ರ ಹೇಳುತ್ತಿದ್ದೇವೆ ಅಂತ ಗಣಿತದಲ್ಲಿ ಒಪ್ಪಂದವಿದೆ. ಈ ಒಪ್ಪಂದವನ್ನು ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊಳ್ಳಿ. ಮುಂದೆ ಒಂಟೆಗಳ ಲೆಕ್ಕದಲ್ಲಿ ಇದೇ ನಮ್ಮನ್ನು ಕಾಪಾಡುತ್ತದೆ.

ಹಾಗೆಯೇ 8^(1/3) ಅಂದರೆ ಘನಮೂಲ, 2. ಈಗ 8^(2/3) ನೋಡಿ. ಛೇದದಲ್ಲಿರುವ 3 ಘನಮೂಲ ತೆಗೆ ಅನ್ನುತ್ತದೆ, ಅಂಶದಲ್ಲಿರುವ 2 ವರ್ಗ ಮಾಡು ಅನ್ನುತ್ತದೆ. ಘನಮೂಲ 2, ಅದರ ವರ್ಗ 4. ಮೊದಲು ವರ್ಗ ಮಾಡಿದರೂ ಆಗುತ್ತದೆ: 64ರ ಘನಮೂಲ ಕೂಡ 4. ಆದರೂ ಮೊದಲು ಮೂಲ ತೆಗೆಯುವ ಅಭ್ಯಾಸ ಒಳ್ಳೆಯದು. 16^(3/4) ಲೆಕ್ಕದಲ್ಲಿ ಮೂಲ ಮೊದಲು ತೆಗೆದರೆ 2, ಅದರ ಘನ 8, ಮುಗಿಯಿತು. ಘನ ಮೊದಲು ಮಾಡಿದರೆ 4096 ಬರುತ್ತದೆ. ಅದರ ನಾಲ್ಕನೇ ಮೂಲ ಹುಡುಕುತ್ತಾ ಪರೀಕ್ಷೆಯ ಹೊತ್ತು ಕಳೆಯುವುದು ಯಾಕೆ?

ಈಗ ಸಮೀಕರಣಕ್ಕೆ ಬರೋಣ.

ಯ^(3/2) = 27

ಯ ಒಂದನ್ನೇ ಉಳಿಸಬೇಕು, ಅಂದರೆ ಅದರ ಘಾತಾಂಕ 1 ಆಗಬೇಕು. ಘಾತದ ಮೇಲೆ ಘಾತ ಬಂದರೆ ಗುಣಿಸುತ್ತೇವೆ. 3/2ನ್ನು ಯಾವುದರಿಂದ ಗುಣಿಸಿದರೆ 1? ಅದರ ವ್ಯುತ್ಕ್ರಮ 2/3ರಿಂದ. ಆದ್ದರಿಂದ ಎರಡೂ ಬದಿಯನ್ನು 2/3 ಘಾತಕ್ಕೆ ಏರಿಸಿ.

ಯ = 27^(2/3) = 3^2 = 9

ತಾಳೆ ನೋಡಿ: 9ರ ವರ್ಗಮೂಲ 3, ಅದರ ಘನ 27. ಸರಿ.

ಯ^(3/2)ರ ಸುತ್ತ ಬೇರೆ ಸಂಖ್ಯೆಗಳು ಇದ್ದರೆ ಮೊದಲು ಅವನ್ನು ಆಚೆ ಕಳಿಸಿ. 2 × ಯ^(3/4) − 5 = 49 ಅಂತ ಕೊಟ್ಟರೆ 5ನ್ನು ಆಚೆಗೆ ಹಾಕಿ, 2ರಿಂದ ಭಾಗಿಸಿ. ಯ^(3/4) = 27 ಉಳಿಯುತ್ತದೆ. ಆಮೇಲೆ 4/3 ಘಾತ: ಯ = 27^(4/3) = 3^4 = 81. ಘಾತಾಂಕಕ್ಕೆ ಋಣ ಚಿಹ್ನೆ ಇದ್ದರೂ ಇದೇ ದಾರಿ. ಯ^(−1/2) = 1/5 ಆದರೆ ವ್ಯುತ್ಕ್ರಮ −2, ಯ = (1/5)^(−2) = 25.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ವ್ಯುತ್ಕ್ರಮ ಘಾತಕ್ಕೆ ಏರಿಸು ಎನ್ನುವ ಒಂದೇ ಸೂತ್ರ ಹಿಡಿದು ಹೋದರೆ ಎರಡು ರೀತಿಯಲ್ಲಿ ಮೋಸ ಹೋಗುತ್ತೀರಿ. ಒಮ್ಮೆ ಇರುವ ಉತ್ತರ ಕಳೆದುಹೋಗುತ್ತದೆ, ಇನ್ನೊಮ್ಮೆ ಇಲ್ಲದ ಉತ್ತರ ಬಂದು ಕೂರುತ್ತದೆ.

ಮೊದಲನೆಯದನ್ನು ನೋಡಿ.

ಯ^(2/3) = 4

ಸೂತ್ರದ ಪ್ರಕಾರ ಯ = 4^(3/2) = 8. ತಾಳೆಯೂ ಸರಿ. ಪುಟ ತಿರುಗಿಸುವ ಮೊದಲು −8 ಹಾಕಿ ನೋಡಿ. −8ರ ಘನಮೂಲ −2 (ಮೂರು ಋಣಗಳ ಗುಣಲಬ್ಧ ಋಣ). ಅದರ ವರ್ಗ 4. ಅಂದರೆ −8 ಕೂಡ ಉತ್ತರ! ನಮ್ಮ ಸೂತ್ರ ಅದನ್ನು ನುಂಗಿಬಿಟ್ಟಿತು.

ಹೀಗೇಕೆ ಆಯಿತು? ಘಾತಾಂಕದ ಅಂಶ 2, ಸಮಸಂಖ್ಯೆ. ವರ್ಗ ಮಾಡಿದಾಗ ಧನವೋ ಋಣವೋ ಎಂಬ ಗುರುತು ಅಳಿಸಿಹೋಗುತ್ತದೆ. ಅಳಿಸಿದ್ದನ್ನು ವಾಪಸ್ ತರುವಾಗ ಎರಡೂ ಸಾಧ್ಯತೆ ಬರೆಯಬೇಕು: ಯ = ±8. ಯ² = 25 ಅಂದಾಗ ±5 ಬರೆಯುತ್ತೀರಲ್ಲ, ಇದೂ ಅದೇ ವಿಚಾರ. ಭಿನ್ನರಾಶಿಯ ಮರೆಯಲ್ಲಿ ಅಡಗಿದ್ದರಿಂದ ಕಾಣಿಸಲಿಲ್ಲ, ಅಷ್ಟೆ.

(ಯ − 1)^(2/3) = 9 ಎಂದು ಆವರಣದೊಳಗೆ ಇಟ್ಟರೂ ಹೆದರಬೇಡಿ. ಯ − 1 = ±27, ಆದ್ದರಿಂದ ಯ = 28 ಅಥವಾ ಯ = −26. ± ಚಿಹ್ನೆ 27ಕ್ಕೆ ಸೇರಿದ್ದು. ಮೊದಲು 28 ಕಂಡುಹಿಡಿದು ಆಮೇಲೆ ±28 ಎಂದು ಬರೆಯುವುದು ತಪ್ಪು. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಇದನ್ನು ನೋಡುತ್ತೇನೆ.

ಅಂಶ ಬೆಸಸಂಖ್ಯೆಯಾದರೆ ಈ ತೊಂದರೆ ಇಲ್ಲ. ಯ^(3/5) = 8ಕ್ಕೆ ಒಂದೇ ಉತ್ತರ, 32.

ಇನ್ನು ಎರಡನೆಯ ಮೋಸ.

ಯ^(3/2) = −27

ಸೂತ್ರ ಹಾಕಿ. (−27)^(2/3): ಘನಮೂಲ −3, ವರ್ಗ 9. ಯ = 9 ಬಂತು. ತಾಳೆ ನೋಡಿ: 9^(3/2) = 27. ಬೇಕಿದ್ದದ್ದು −27! ಈ ಸಮೀಕರಣಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಉತ್ತರವೇ ಇಲ್ಲ. ಎಡಬದಿಯಲ್ಲಿ ವರ್ಗಮೂಲ ಇದೆ, ನಮ್ಮ ಒಪ್ಪಂದದ ಪ್ರಕಾರ ಅದು ಎಂದೂ ಋಣ ಆಗುವುದಿಲ್ಲ, ಅದರ ಘನವೂ ಋಣ ಆಗುವುದಿಲ್ಲ. ಲೆಕ್ಕ ಶುರು ಮಾಡುವ ಮುಂಚೆಯೇ ‘ಉತ್ತರವಿಲ್ಲ’ ಅಂತ ಬರೆದು ಕಾರಣ ಕೊಡಬಹುದಿತ್ತು. ಅದೇ ರೀತಿ ಯ^(2/3) = −4ಕ್ಕೂ ಉತ್ತರವಿಲ್ಲ, ವಾಸ್ತವ ಸಂಖ್ಯೆಯ ವರ್ಗ ಋಣ ಆಗುವುದಿಲ್ಲವಲ್ಲ.

ಹಾಗಾಗಿ ಪೆನ್ನು ಎತ್ತುವ ಮೊದಲು ಘಾತಾಂಕದ ಅಂಶ ನೋಡಿ, ಛೇದ ನೋಡಿ. ಅಂಶ ಸಮವಾಗಿದ್ದರೆ ± ನೆನಪಿಡಿ. ಛೇದ ಸಮವಾಗಿದ್ದರೆ ಒಳಗಿನ ಸಂಖ್ಯೆ ಋಣ ಆಗಬಾರದು, ಹೊರಬರುವ ಬೆಲೆಯೂ ಋಣ ಆಗದು. ಇದನ್ನು ನೋಡುವ ಮೊದಲು ಭಿನ್ನರಾಶಿಯನ್ನು ಸಂಕ್ಷಿಪ್ತ ರೂಪಕ್ಕೆ ತಂದುಕೊಳ್ಳಿ. 2/6 ಮತ್ತು 1/3 ಒಂದೇ ಸಂಖ್ಯೆ. ಆದರೆ −8ನ್ನು ವರ್ಗ ಮಾಡಿ ಆರನೇ ಮೂಲ ತೆಗೆದರೆ 2 ಬರುತ್ತದೆ, ನೇರವಾಗಿ ಘನಮೂಲ ತೆಗೆದರೆ −2. ಇಂಥ ಗೊಂದಲ ತಪ್ಪಿಸಲಿಕ್ಕೆಂದೇ ಒಂಬತ್ತನೇ ತರಗತಿಯ ಘಾತಾಂಕ ನಿಯಮಗಳನ್ನು ಆಧಾರ ಧನವಾಗಿದ್ದಾಗ ಮಾತ್ರ ಹೇಳಿರುತ್ತಾರೆ. ಪ್ರಶ್ನೆಯಲ್ಲೇ ‘ಯ ಧನಸಂಖ್ಯೆ’ ಎಂದು ಕೊಟ್ಟಿದ್ದರೆ −8 ಬರೆಯಬೇಡಿ. ಕೊಟ್ಟಿಲ್ಲದಿದ್ದರೆ ಎರಡನ್ನೂ ಬರೆಯಿರಿ. ಪ್ರಶ್ನೆಯನ್ನು ಪೂರ್ತಿ ಓದುವುದೂ ಗಣಿತದ ಒಂದು ಭಾಗವೇ.

ಉತ್ತರ ಕಳೆದುಕೊಳ್ಳುವ ಇನ್ನೊಂದು ದಾರಿ ಇದೆ. ಯ^(3/2) = 4 × ಯ^(1/2) ಅಂತ ಕೊಟ್ಟರೆ ಎರಡೂ ಕಡೆ ಯ^(1/2)ನಿಂದ ಭಾಗಿಸಿ ಯ = 4 ಎಂದು ಮುಗಿಸಿಬಿಡುತ್ತೀರಿ. ಯ = 0 ಏನಾಯಿತು? ಸೊನ್ನೆ ಹಾಕಿದರೂ ಎರಡೂ ಬದಿ ಸಮವೇ. ಸೊನ್ನೆಯಾಗಬಹುದಾದ ಪದದಿಂದ ಭಾಗಿಸಬಾರದು. ಎಲ್ಲವನ್ನೂ ಒಂದೇ ಬದಿಗೆ ತಂದು ಅಪವರ್ತಿಸಿ: ಯ^(1/2) × (ಯ − 4) = 0. ಈಗ 0 ಮತ್ತು 4 ಎರಡೂ ಸಿಕ್ಕವು.

ಈಗ ಒಂಟೆಗಳ ಲೆಕ್ಕ. ವಾಡಿಯಿಂದ ತಾಂಡೂರಿನ ಕಡೆಗೆ ರೈಲಿನಲ್ಲಿ ಹೋಗುವವರು ‘ಮಳಖೇಡ ರೋಡ್’ ಎಂಬ ನಿಲ್ದಾಣ ನೋಡಿರುತ್ತೀರಿ. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಗ್ರಂಥ ಬರೆದರು. ಗ್ರಂಥ ಸಂಸ್ಕೃತದಲ್ಲಿದೆ. ಆಂಧ್ರದ ಕಡೆಯ ಮಕ್ಕಳಿಗೆ ಒಂದು ವಿಷಯ: 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎನ್ನುವ ಮಾತನ್ನು ಮಹಾವೀರಾಚಾರ್ಯರು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಮೇಲೆ ‘ಛೇದ ಸಮವಾಗಿದ್ದರೆ’ ಎಂದು ಹೇಳಿದ ಎಚ್ಚರಿಕೆಯ ಬೇರು ಇದೇ.

ಆ ಗ್ರಂಥದ ಒಂದು ಲೆಕ್ಕದ ಸಾರಾಂಶ ಹೀಗಿದೆ. ಒಂದು ಒಂಟೆ ಹಿಂಡಿನ ಕಾಲು ಭಾಗ ಕಾಡಿನಲ್ಲಿದೆ. ಹಿಂಡಿನ ಸಂಖ್ಯೆಯ ವರ್ಗಮೂಲದ ಎರಡರಷ್ಟು ಒಂಟೆಗಳು ಬೆಟ್ಟದ ಇಳಿಜಾರಿಗೆ ಹೋಗಿವೆ. ಐದರ ಮೂರರಷ್ಟು, ಅಂದರೆ 15 ಒಂಟೆಗಳು ನದಿ ದಂಡೆಯಲ್ಲಿ ಉಳಿದಿವೆ. ಒಟ್ಟು ಎಷ್ಟು?

ಹಿಂಡು ಯ ಆಗಿರಲಿ.

ಯ/4 + 2 × ಯ^(1/2) + 15 = ಯ

ಇಲ್ಲಿ ಯ ಕೂಡ ಇದೆ, ಯ^(1/2) ಕೂಡ ಇದೆ. ವ್ಯುತ್ಕ್ರಮದ ಸೂತ್ರ ನೇರವಾಗಿ ಕೆಲಸ ಮಾಡುವುದಿಲ್ಲ. ಆದರೆ ಯ ಎನ್ನುವುದು ಯ^(1/2)ರ ವರ್ಗ. ಹಾಗಾಗಿ ಯ^(1/2) = ಮ ಎಂದಿಟ್ಟುಕೊಳ್ಳಿ (ಮೂಲದ ‘ಮ’). ಆಗ ಯ = ಮ².

ಮ²/4 + 2ಮ + 15 = ಮ²

4ರಿಂದ ಗುಣಿಸಿ ಒಂದೇ ಬದಿಗೆ ತಂದರೆ

3ಮ² − 8ಮ − 60 = 0

(ಮ − 6)(3ಮ + 10) = 0

ಮ = 6 ಅಥವಾ ಮ = −10/3.

ಹತ್ತನೇ ತರಗತಿಯ ವರ್ಗ ಸಮೀಕರಣ ಇಲ್ಲಿ ಕೈಕೊಡಲಿಲ್ಲ ನೋಡಿ. ಮ = 6 ಆದರೆ ಯ = 36. ತಾಳೆ: ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಂಡೆಯಲ್ಲಿ 15, ಒಟ್ಟು 36.

ಮ = −10/3 ತೆಗೆದುಕೊಂಡರೆ ಯ = 100/9. ಒಂಬತ್ತರಲ್ಲಿ ನೂರು ಭಾಗ ಒಂಟೆ ಇರುವುದಿಲ್ಲ ಎಂದು ನಕ್ಕು ಬಿಡುತ್ತೀರಿ. ಆದರೆ ಅದು ನಿಜವಾದ ಕಾರಣ ಅಲ್ಲ. ಒಂಟೆಯ ಬದಲು ಲೀಟರ್ ಹಾಲಿನ ಲೆಕ್ಕವಾಗಿದ್ದರೆ 100/9 ಇರಬಹುದಿತ್ತು. ತಾಳೆ ನೋಡಿ: ಎಡಬದಿ 25/9 + 60/9 + 135/9 = 220/9. ಬಲಬದಿ 100/9. ಕೂಡುವುದಿಲ್ಲ. 60/9ನ್ನು ಕಳೆದಿದ್ದರೆ ಮಾತ್ರ 100/9 ಬರುತ್ತಿತ್ತು, ಅಂದರೆ ವರ್ಗಮೂಲಕ್ಕೆ ಋಣ ಬೆಲೆ ಕೊಟ್ಟಿದ್ದರೆ ಮಾತ್ರ. ಮ ಎಂದರೆ ಯ^(1/2), ಅದು ಋಣ ಆಗದು ಎಂಬ ಒಪ್ಪಂದವನ್ನು ಗುರುತು ಮಾಡಿಟ್ಟುಕೊಂಡಿದ್ದೀರಲ್ಲ? ಅಲ್ಲೇ ಆ ಮೂಲ ಬಿದ್ದುಹೋಗುತ್ತದೆ. ಉತ್ತರ ಪತ್ರಿಕೆಯಲ್ಲಿ ಈ ಕಾರಣವನ್ನೇ ಬರೆಯಿರಿ.

ಹಾಗಾದರೆ ಮ ಋಣವಾದಾಗಲೆಲ್ಲ ಬಿಟ್ಟುಬಿಡುವುದಾ? ಇಲ್ಲ! ಇದನ್ನು ನೋಡಿ:

ಯ^(2/3) − ಯ^(1/3) − 6 = 0

ಮ = ಯ^(1/3) ಎಂದಿಟ್ಟರೆ ಮ² − ಮ − 6 = 0, ಅಂದರೆ (ಮ − 3)(ಮ + 2) = 0. ಮ = 3 ಆದರೆ ಯ = 27. ಮ = −2 ಆದರೆ ಯ = −8. −8ನ್ನು ತಾಳೆ ನೋಡಿ: 4 − (−2) − 6 = 0. ಸರಿ ಬಂತು. ಘನಮೂಲ ಋಣ ಆಗಬಹುದು, ವರ್ಗಮೂಲ ಆಗಬಾರದು. ಎರಡು ಲೆಕ್ಕಗಳೂ ಮೇಲ್ನೋಟಕ್ಕೆ ಅವಳಿಗಳ ಹಾಗಿವೆ. ಒಂದರಲ್ಲಿ ಋಣ ಮೂಲವನ್ನು ಬಿಡಬೇಕು, ಇನ್ನೊಂದರಲ್ಲಿ ಬಿಟ್ಟರೆ ಅಂಕ ಹೋಗುತ್ತದೆ.

ಇದೆಲ್ಲ ಪರೀಕ್ಷೆಗೆ ಮಾತ್ರವೇ ಅಂತ ಕೇಳುವವರಿಗೆ ಆಕಾಶದ ಕಡೆ ತೋರಿಸುತ್ತೇನೆ. 1619ರಲ್ಲಿ ಕೆಪ್ಲರ್ ತನ್ನ ಮೂರನೇ ನಿಯಮವನ್ನು ಪ್ರಕಟಿಸಿದ. ಗ್ರಹ ಸೂರ್ಯನ ಸುತ್ತ ಒಂದು ಸುತ್ತು ಬರಲು ಬೇಕಾದ ಕಾಲವನ್ನು ವರ್ಷಗಳಲ್ಲಿಯೂ, ಸೂರ್ಯನಿಂದ ಅದರ ಸರಾಸರಿ ದೂರವನ್ನು ಖಗೋಳಮಾನದಲ್ಲಿಯೂ (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ 1 ಖಗೋಳಮಾನ) ಅಳೆದರೆ

ಕಾಲ = ದೂರ^(3/2)

3/2 ಅಂದರೆ ನಮ್ಮ ಒಂದೂವರೆ. ಕೆಪ್ಲರ್ ಕೂಡ ‘ಒಂದೂವರೆ’ ಎಂಬ ಅರ್ಥ ಬರುವ ಲ್ಯಾಟಿನ್ ಪದದಲ್ಲೇ ಇದನ್ನು ಹೇಳಿದ್ದ. ಈಗ ನಾವು ಬರೆಯುವ ಹಾಗೆ ಭಿನ್ನರಾಶಿಯನ್ನು ಮೇಲೆ ಹಾಕಿ ಬರೆದ ಘಾತಾಂಕ 1676ರಲ್ಲಿ ನ್ಯೂಟನ್ ಬರೆದ ಪತ್ರಗಳಲ್ಲಿ ಕಾಣುತ್ತದೆ.

ಗುರು ಗ್ರಹಕ್ಕೆ ಒಂದು ಸುತ್ತಿಗೆ 11.86 ವರ್ಷ ಬೇಕು. ಹಗ್ಗ ಹಿಡಿದು ಅಳೆಯಲಾಗದ ಅದರ ದೂರ ಎಷ್ಟು?

ಯ^(3/2) = 11.86

ಯ = 11.86^(2/3)

ಇಲ್ಲಿ ಮೂಲ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ವರ್ಗವನ್ನೇ ಮೊದಲು ಮಾಡೋಣ. 11.86² = 140.66. ಇದರ ಘನಮೂಲ ಬೇಕು. 5ರ ಘನ 125, 6ರ ಘನ 216. ಐದಕ್ಕೆ ಹತ್ತಿರ ಇದೆ. 5.2 ಪ್ರಯತ್ನಿಸಿ: 5.2 × 5.2 = 27.04, ಮತ್ತೆ 5.2ರಿಂದ ಗುಣಿಸಿದರೆ 140.608. ಎಷ್ಟು ಹತ್ತಿರ! ಗುರು ಗ್ರಹ ಸೂರ್ಯನಿಂದ ಸುಮಾರು 5.2 ಖಗೋಳಮಾನ ದೂರದಲ್ಲಿದೆ. ಕ್ಯಾಲ್ಕ್ಯುಲೇಟರ್ ಇಲ್ಲದೆ, ಕಾಗದದ ಮೇಲೆ ಸಿಕ್ಕಿತು.

ಶನಿಗೆ 29.46 ವರ್ಷ. ನೀವೇ ಮಾಡಿ, 9.54ರ ಹತ್ತಿರ ಬರಬೇಕು. ಮನೆಯಲ್ಲಿ ಹಿರಿಯರು ‘ಏಳರಾಟದ ಶನಿ’ ಅನ್ನುತ್ತಾರಲ್ಲ, ಸೊಲ್ಲಾಪುರದ ಕಡೆ ‘ಸಾಡೇಸಾತಿ’, ತೆಲುಗಿನಲ್ಲಿ ‘ಏಲಿನಾಟಿ ಶನಿ’, ತಮಿಳಿನಲ್ಲಿ ‘ಏಳರೈ ಶನಿ’. ಅದರ ಭಯ ಬಿಡಿ, ಅದರೊಳಗಿನ ಲೆಕ್ಕ ನೋಡಿ. 29.46ನ್ನು 12 ರಾಶಿಗಳಿಗೆ ಹಂಚಿದರೆ ಒಂದಕ್ಕೆ ಎರಡೂವರೆಗಿಂತ ಚೂರು ಕಡಿಮೆ ವರ್ಷ. ಮೂರು ರಾಶಿಗೆ ಸುಮಾರು ಏಳೂವರೆ. ಗುರುವಿನ 11.86ನ್ನು 12ರಿಂದ ಭಾಗಿಸಿದರೆ ರಾಶಿಗೆ ಸುಮಾರು ಒಂದು ವರ್ಷ. ಪಂಚಾಂಗದವರು ತಲೆಮಾರುಗಳಿಂದ ನೋಡಿ ಇಟ್ಟುಕೊಂಡ ಈ ಕಾಲದ ಅಳತೆಯಿಂದಲೇ ದೂರವನ್ನು ತೆಗೆಯುವ ಕೀಲಿ ಆ 2/3 ಘಾತ.

ಹನ್ನೊಂದನೇ ತರಗತಿಯ ಭೌತಶಾಸ್ತ್ರದಲ್ಲಿ ಈ ನಿಯಮ ಮತ್ತೆ ಬರುತ್ತದೆ. ಅಷ್ಟರಲ್ಲಿ ನಿಮ್ಮಲ್ಲಿ ಬಹಳ ಮಂದಿ ಕನ್ನಡ ಮಾಧ್ಯಮ ಬಿಟ್ಟು ಇಂಗ್ಲಿಷ್ ಮಾಧ್ಯಮದಲ್ಲಿ ಕೂತಿರುತ್ತೀರಿ. ಅಲ್ಲಿ ಭಿನ್ನರಾಶಿ ಘಾತಾಂಕವನ್ನು ಮತ್ತೆ ಮೊದಲಿನಿಂದ ಹೇಳಿಕೊಡುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಹೊಸ ಪದಗಳ ಜೊತೆ ಹೊಸ ಲೆಕ್ಕವನ್ನೂ ಒಟ್ಟಿಗೆ ಕಲಿಯುವುದು ಕಷ್ಟ. ಲೆಕ್ಕವನ್ನು ಈಗಲೇ ಕನ್ನಡದಲ್ಲಿ ಕೈವಶ ಮಾಡಿಕೊಂಡಿದ್ದರೆ ಆಗ ಕಲಿಯಲು ಪದಗಳಷ್ಟೇ ಉಳಿಯುತ್ತವೆ.

ಈಗ ನಿಮ್ಮ ಸರದಿ. ಪ್ರತಿಯೊಂದರಲ್ಲೂ ಮೊದಲು ಅಂಶ, ಛೇದ ನೋಡಿ ಎಷ್ಟು ಉತ್ತರ ಬರಬಹುದು ಅಂತ ಊಹಿಸಿ, ಆಮೇಲೆ ಬಿಡಿಸಿ, ಕೊನೆಗೆ ತಾಳೆ ನೋಡಿ.

1. ಯ^(5/3) = 32

2. (ಯ + 3)^(2/5) = 4

3. ಯ^(3/4) = −8

4. ಯ − 5 × ಯ^(1/2) + 6 = 0

5. ಯ + ಯ^(1/2) − 12 = 0

6. ಒಂದು ಕುರಿ ಹಿಂಡಿನ ಅರ್ಧ ಹೊಲದಲ್ಲಿ ಮೇಯುತ್ತಿದೆ. ಹಿಂಡಿನ ವರ್ಗಮೂಲದ ಮೂರರಷ್ಟು ಕುರಿಗಳು ಕೆರೆಯ ದಂಡೆಯಲ್ಲಿವೆ. 8 ಕುರಿಗಳು ದೊಡ್ಡಿಯಲ್ಲಿವೆ. ಹಿಂಡಿನಲ್ಲಿ ಎಷ್ಟು ಕುರಿ?

7. ಭೂಮಿಯ ಸುತ್ತ ತಿರುಗುವ ಉಪಗ್ರಹಗಳಿಗೂ ಒಂದೂವರೆಯ ನಿಯಮವೇ. ಭೂಸ್ಥಿರ ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು, ಭೂಮಿಯ ಕೇಂದ್ರದಿಂದ ಅದರ ದೂರ ಸುಮಾರು 42,164 ಕಿ.ಮೀ. ಮೂರು ಗಂಟೆಗೆ ಒಂದು ಸುತ್ತು ಬರುವ ಉಪಗ್ರಹ ಕೇಂದ್ರದಿಂದ ಎಷ್ಟು ದೂರದಲ್ಲಿರಬೇಕು? (ಕಾಲ 1/8 ಆಯಿತು. ದೂರ ಎಷ್ಟನೇ ಒಂದು ಭಾಗ ಆಗುತ್ತದೆ?)

ಉತ್ತರಗಳು: 1) 8. 2) 29 ಮತ್ತು −35. 3) ಉತ್ತರವಿಲ್ಲ. 4) 4 ಮತ್ತು 9. 5) 9 ಮಾತ್ರ, 16 ಬರೆದಿದ್ದರೆ ತಾಳೆ ನೋಡಿಲ್ಲ ಅಂತ ಅರ್ಥ. 6) 64. 7) (1/8)^(2/3) = 1/4, ಆದ್ದರಿಂದ ಸುಮಾರು 10,541 ಕಿ.ಮೀ. ಇದರಲ್ಲಿ ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ. ಕಳೆದರೆ ನೆಲದಿಂದ ಎತ್ತರ ಸಿಗುತ್ತದೆ.